ಮಂಡಕ್ಕಿ ಭಟ್ಟಿಗೆ ಹೋದ ಮಿಂಚಿನ ಯಂತ್ರ

೧೯೬೨ರ ಆಷಾಢ. ಮಂಗಳವಾರ ಸಂಜೆ ಅಮಾವಾಸ್ಯೆಯ ಪೂಜೆ. ಬುಧವಾರ ನಸುಕಿನಲ್ಲಿ ಕಿಡಿ ಹಾರಿಸುವ ಮಿಂಚಿನ ಯಂತ್ರದ ಪರೀಕ್ಷೆ. ಹತ್ತು ಗಂಟೆಗೆ ಹರಿಹರದ ರೈಲಿನಲ್ಲಿ ಬರುವ ಶಾಲಾ ಬಾಲಕಿಯರಿಗೆ ಪ್ರದರ್ಶನ. ದಾವಣಗೆರೆಯ ವಿಜ್ಞಾನ ವಸ್ತುಸಂಗ್ರಹಾಲಯದ ಜವಾನ ಮೈಲಪ್ಪ ಈಗ ಎರಡನೆಯ ಹಂತವಾದ ಪರೀಕ್ಷೆಯಲ್ಲಿದ್ದಾರೆ. ಹಿಡಿಕೆ ತಿರುಗಿಸುತ್ತಾರೆ. ಗಾಜಿನ ಎರಡು ತಟ್ಟೆಗಳು ಎದುರುಬದುರಾಗಿ ಗಿರ್ರನೆ ಸುತ್ತುತ್ತವೆ. ಹಿತ್ತಾಳೆಯ ಗುಂಡುಗಳ ನಡುವೆ ಹಾರಬೇಕಾದ ನೀಲಿ ಕಿಡಿ ಮಾತ್ರ ಹಾರುವುದಿಲ್ಲ.

"ಇವತ್ತೇ ಕೈ ಕೊಡಬೇಕಾ ನೀನು?" ಎಂದು ಯಂತ್ರವನ್ನೇ ಗದರುತ್ತಾರೆ.

ಬರುವವರಲ್ಲಿ ಮಗಳು ಓಬವ್ವನೂ ಇದ್ದಾಳೆ. ಹರಿಹರದ ಅಜ್ಜಿಮನೆಯಲ್ಲಿದ್ದು ಓದುವ ಅವಳು, ಅಪ್ಪ ಮಿಂಚು ಹೊಡೆಸುತ್ತಾನೆಂದು ತರಗತಿಗೆಲ್ಲ ಸಾರಿದ್ದಾಳೆ. "ಹುಡುಗೇರು ಸುಳ್ಬುರುಕಿ ಅಂತ ಹೆಸರಿಟ್ಟಾರ್ರಿ. ಅವಳ ಮಾತು ಉಳೀಬೇಕು," ಎನ್ನುತ್ತಾರೆ ಮೈಲಪ್ಪ, ಪಕ್ಕದಲ್ಲಿ ನಿಂತ ಮೇಲ್ವಿಚಾರಕರಿಗೆ.

ಮೇಲ್ವಿಚಾರಕ ಮುರುಗೇಶಪ್ಪ ಬಗ್ಗಿ ನೋಡುತ್ತಾರೆ. "ಗಾಜಿಗೆ ವಿಭೂತಿ ಬಳಿದವರು ಯಾರಪ್ಪ?"

"ನಾನೇ ರೀ. ಗಿರಣಿಯಾಗೆ ಅಮಾಸಿ ಬಂದ್ರೆ ಮಿಷನ್ನಿಗೆ ಪೂಜೆ ಮಾಡ್ತಿದ್ವಲ್ಲ? ಕಾಯಿ ಒಡೆದು ನೀರೂ ಚಿಮುಕಿಸಿದೆ."

"ಅದು ಕಬ್ಬಿಣಕ್ಕೆ ನಡೀತಿತ್ತು. ಗಾಜಿಗೆ ತೇವ ಅಂಟಿದರೆ ವಿದ್ಯುತ್ತು ಅದರ ಮೇಲೇ ಹರಿದುಹೋಗುತ್ತೆ. ಗುಂಡುಗಳಿಗೆ ಉಳಿಯೋದೇನು, ಪ್ರಸಾದಾನಾ?"

ಹತ್ತಿ ಗಿರಣಿಯ ನೂಲುವ ವಿಭಾಗದಲ್ಲಿ ಯೌವನ ಕಳೆದು, ದೂಳಿನ ಕೆಮ್ಮು ಹತ್ತಿದ ಮೇಲೆ ಇಲ್ಲಿಗೆ ಬಂದವರು ಮೈಲಪ್ಪ. ಗ್ರಹಮಾಲೆಯ ಗೋಲಗಳನ್ನು ಒರೆಸುವುದು, ಪಂಪಿನ ಮಾದರಿಗೆ ಎಣ್ಣೆ ಬಿಡುವುದು ನಿತ್ಯದ ಕೆಲಸ. ಪ್ರೀತಿಯೆಲ್ಲ ಈ ಯಂತ್ರದ ಮೇಲೆ. "ಮೊದಲ ದಿನ ಕಿಡಿ ಕಂಡು ಬಾಗಿಲ ಸಂದೀಗೆ ಸೇರ್ಕಂಡಿದ್ದೆ ರೀ. ಈಗ ಅದನ್ನ ಕಾಣದಿದ್ರೆ ಹೊತ್ತೇ ಹೋಗಲ್ಲ!"

ಇಬ್ಬರೂ ತಟ್ಟೆಗಳನ್ನು ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು ಒರೆಸುತ್ತಾರೆ. ಆದರೆ ಹೊರಗೆ ಜಿಟಿಜಿಟಿ ಮಳೆ, ಗಾಳಿಯೇ ಒದ್ದೆ; ಒರೆಸಿದ ಗಾಜಿಗೆ ಮತ್ತೆ ತೇವ ಅಂಟುತ್ತದೆ. ಥಟ್ಟನೆ ಮೈಲಪ್ಪ ತಟ್ಟೆಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿಂದಿನ ಬೀದಿಯ ಮಂಡಕ್ಕಿ ಭಟ್ಟಿಗೆ ಓಡುತ್ತಾರೆ.

ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದ ರಹಮತ್ ಬೀ ಕಣ್ಣರಳಿಸುತ್ತಾರೆ. "ಏನ್ ಮೈಲಣ್ಣ, ಇವತ್ತು ಗಾಜಿನ ಮಂಡಕ್ಕಿನಾ?"

"ನಗಬ್ಯಾಡವ್ವ, ಮಿಂಚಿಗೆ ಚಳಿ ಹಿಡದೈತೆ."

"ಹಂಗಾರೆ ಬೆಂಕಿ ಹತ್ರ ತರಬ್ಯಾಡ, ಗಾಜು ಸೀಳ್ತೈತೆ. ಭಟ್ಟಿ ಹಿಂದಿನ ಆ ಬೆಚ್ಚನೆ ಗೋಡೆಗೆ ಒರಗಿಸು. ಅಲ್ಲಿ ಒದ್ದೆ ಗೋಣಿಚೀಲಾನೂ ಗರಿಗರಿ ಆಗ್ತೈತೆ."

ತಟ್ಟೆಗಳು ಮರಳಿ ಯಂತ್ರಕ್ಕೇರುವ ಹೊತ್ತಿಗೆ ಬಾಲಕಿಯರು ಒಳಗೆ ನುಗ್ಗುತ್ತಾರೆ. "ಎಲ್ಲೇ ಓಬಿ, ನಿಮ್ಮಪ್ಪನ ಮಿಂಚು?" ಎಂದು ಒಬ್ಬಳು ಕೆಣಕುತ್ತಾಳೆ. ಓಬವ್ವ ಅಪ್ಪನ ಕೈಯನ್ನೇ ನೋಡುತ್ತಾಳೆ. ಕತ್ತಲಾಗಲೆಂದು ಮುರುಗೇಶಪ್ಪ ಕಿಟಕಿಗಳನ್ನು ಮುಚ್ಚುತ್ತಾರೆ. ಮೈಲಪ್ಪ ಹಿಡಿಕೆ ತಿರುಗಿಸುತ್ತಾರೆ.

ಚಟ್! ಕತ್ತಲನ್ನು ಸೀಳಿ ನೀಲಿ ಗೆರೆ. "ಅಯ್ಯಯ್ಯಪ್ಪಾ!" ಕೆಣಕಿದವಳೇ ಓಬವ್ವನ ಹೆಗಲಿಗೆ ಜೋತುಬೀಳುತ್ತಾಳೆ. "ಇನ್ನೊಂದ್ಸಲ, ಮಾವ, ಇನ್ನೊಂದ್ಸಲ!"

"ನೋಡ್ರೇ, ನಮ್ಮಪ್ಪ!" ಎಂದು ಓಬವ್ವ ಕುಣಿಯುತ್ತಾಳೆ.

ಮುರುಗೇಶಪ್ಪ ಗುಂಡುಗಳನ್ನು ಇನ್ನಷ್ಟು ದೂರ ಸರಿಸುತ್ತಾರೆ. ಕಿಡಿ ಅದನ್ನೂ ದಾಟುತ್ತದೆ. ಇನ್ನೂ ಸರಿಸುತ್ತಾರೆ, ಅದನ್ನೂ. ಮಳೆಗಾಲದಲ್ಲಿ ಈ ಯಂತ್ರದ ಕಿಡಿ ಎಂದೂ ಎರಡು ಬೆರಳಗಲ ಮೀರಿದ್ದಿಲ್ಲ; ಭಟ್ಟಿಯ ಗೋಡೆಗೆ ಒಣಗಿದ ಗಾಜಿನಿಂದ ಅದು ನಾಲ್ಕು ಬೆರಳಗಲ ಹಾರುತ್ತದೆ.