ಕಾಳಪ್ಪನ ಎತ್ತುಗಳಿಗೆ ಆಂಜಿನಯ್ಯನ ಕಾವಲು

ಚಾಮರಾಜಪೇಟೆಯ ಅಡ್ಡರಸ್ತೆಯೊಂದರ ಕೊನೆಯಲ್ಲಿ ತಗಡಿನ ಶೆಡ್ಡು. ಹಾಲಿನ ವ್ಯಾನು ಬಂದು ಹೋಗಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀಗ ತೆಗೆದು ಒಳಗೆ ಬರುವ ಆಂಜಿನಯ್ಯ ಮೊದಲು ಚಪ್ಪಲಿ ಬಿಡುತ್ತಾರೆ, ಆಮೇಲೆ ಲೈಟು ಹಾಕುತ್ತಾರೆ. ಎದುರಿಗೆ ಉದ್ದ ಮೂತಿಯ ಹಳೇ ಲಾರಿ, ಮೈತುಂಬ ಹಸಿರು ಬಣ್ಣ ಬಳಿಸಿಕೊಂಡು ನಿಂತಿದೆ. ನೋಡಲು ಬಂದವರೆಲ್ಲ ಅದರ ಇಂಜಿನ್ನು, ಹಾರ್ನು, ಸ್ಟೇರಿಂಗು ಎಂದು ಸುತ್ತು ಹಾಕುತ್ತಾರೆ. ಆಂಜಿನಯ್ಯನಿಗೆ ಅದ್ಯಾವುದೂ ಬೇಕಿಲ್ಲ. ಗೋಣಿಚೀಲ ಹಾಸಿ, ಮಾತು ಕೇಳದ ಮಂಡಿಗಳ ಜೊತೆ ಒಂದಿಷ್ಟು ಜಗಳವಾಡಿ, ಡ್ರೈವರ್ ಬಾಗಿಲ ಕೆಳಗಿನ ಫುಟ್‌ಬೋರ್ಡಿನ ಮುಂದೆ ಕೂರುತ್ತಾರೆ.

ಕಬ್ಬಿಣದ ಆ ಮೆಟ್ಟಿಲ ಮೇಲೆ ಕೆಂಪು ಬಣ್ಣ, ಅದರ ಮೇಲೊಂದು ಬೂದು ಎತ್ತು. ಕೊರಳಲ್ಲಿ ಗಂಟೆ, ಕೊಂಬಿಗೆ ಕುಚ್ಚು. ಲಾರಿಯ ಆಚೆ ಬದಿಯ ಮೆಟ್ಟಿಲ ಮೇಲೆ ಇನ್ನೊಂದು ಎತ್ತು, ಅದು ಕಂದು. ಇವೆರಡಕ್ಕೆ ಗೀರು ಬೀಳದಂತೆ, ಬಣ್ಣ ಏಳದಂತೆ ನೋಡಿಕೊಳ್ಳುವುದೇ ಎಪ್ಪತ್ತರ ಆಸುಪಾಸಿನ ಆಂಜಿನಯ್ಯನ ಕೆಲಸ. ಇಂಥದ್ದೊಂದು ಕೆಲಸ ಊರಲ್ಲಿದೆ ಎಂದರೆ ಜನ ನಗುತ್ತಾರೆ. ಅವರೂ ನಗುತ್ತಾರೆ.

"ಹಳೇ ಪಂಚೆ ತುಂಡು, ಸೋಪಿನ ನೀರು, ಅಷ್ಟೇ. ಬ್ರಷ್ ಮುಟ್ಟಿಸಲ್ಲ. ಮಗು ಮುಖ ಒರೆಸ್ದಂಗೆ ಒರೆಸ್ಬೇಕು" ಎನ್ನುತ್ತಾ ಅವರು ಎತ್ತಿನ ಕಣ್ಣಿನ ಸುತ್ತ ಬಟ್ಟೆ ಆಡಿಸುತ್ತಾರೆ.

ಲಾರಿ ದೊಡ್ಡಬೈರಪ್ಪನವರದು. ಅವರ ತಂದೆ ಹಳ್ಳಿಯಿಂದ ಮಾರ್ಕೆಟ್ಟಿಗೆ ತರಕಾರಿ ಹೊಡೆಯುತ್ತಿದ್ದ ಗಾಡಿ. ವರ್ಷಗಟ್ಟಲೆ ತೋಟದ ಬೇಲಿ ಬದಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದದ್ದನ್ನು ಮಗ ಎತ್ತಿಸಿ ತಂದು ಹೊಸದರಂತೆ ಮಾಡಿಸಿದರು. ಬಾಗಿಲ ಮೇಲೆ ಹೆಸರು ಬರೆಯಲು ಆಂಜಿನಯ್ಯನನ್ನು ಕರೆಸಿದ್ದರು. ಅವರು ಬಂದ ದಿನ ಮೆಕ್ಯಾನಿಕ್ಕುಗಳು ಫುಟ್‌ಬೋರ್ಡಿನ ಮೇಲೆ ಬೋಲ್ಟು ಹಾಕಿ ಬಿಗಿದಿದ್ದ ಟೈರಿನ ರಬ್ಬರು ಕಿತ್ತು, ಕೆಳಗಿನ ಬಣ್ಣ ಉಜ್ಜಲು ಮೆಷಿನ್ನು ಕೈಗೆತ್ತಿಕೊಂಡಿದ್ದರು. ಆಂಜಿನಯ್ಯ ಹೋಗಿ ಮೆಷಿನ್ನಿಗೆ ಅಡ್ಡ ನಿಂತುಬಿಟ್ಟರು.

"ಅದು ಕಾಳಪ್ಪನ ಕೈ. ನಂಗೆ ಗೊತ್ತಾಗ್ದೇ ಇರತ್ತಾ?"

ಕಲಾಸಿಪಾಳ್ಯದ ಲಾರಿ ಸ್ಟ್ಯಾಂಡಿನ ಮರವೊಂದರ ಕೆಳಗೆ ಕಾಳಪ್ಪ ಮತ್ತು ಆಂಜಿನಯ್ಯ ಜೊತೆಯಾಗಿ ಅರ್ಧ ಆಯಸ್ಸು ಕಳೆದರು. ಚಿತ್ರ ಕಾಳಪ್ಪನವರದು, ಅಕ್ಷರ ಆಂಜಿನಯ್ಯನವರದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಆಮೇಲೆ ಸ್ಟಿಕ್ಕರು ಬಂತು, ಡಬ್ಬಿ ಬ್ರಷ್ಷು ಮೂಲೆ ಸೇರಿದವು. ಕಾಳಪ್ಪ ಎದೆ ಕಟ್ಟಿಕೊಂಡು ತೀರಿಹೋದರು. ಅವರು ಚಿತ್ರ ಬರೆದ ಲಾರಿಗಳೆಲ್ಲ ಒಂದೊಂದಾಗಿ ಗುಜರಿ ಸೇರಿದವು. ಆಂಜಿನಯ್ಯನ ಕಣ್ಣಿಗೆ ಮತ್ತೆ ಬಿದ್ದದ್ದು ಈ ಎರಡು ಮೆಟ್ಟಿಲು ಮಾತ್ರ. ಇವೂ ಹೋದರೆ ಕಾಳಪ್ಪ ಅನ್ನುವ ಮನುಷ್ಯ ಕೈಯಾರೆ ಏನಾದರೂ ಮಾಡಿದ್ದ ಎನ್ನುವುದಕ್ಕೆ ಗುರುತೇ ಇರುವುದಿಲ್ಲ. ದೊಡ್ಡಬೈರಪ್ಪ ಎರಡು ಮಾತಾಡದೆ ಒಪ್ಪಿದರು, ಆದರೆ ಷರತ್ತು ಹಾಕಿದರು: ಹಾಗಾದರೆ ನೀವೇ ಕಾಯಬೇಕು.

ಅಂದಿನಿಂದ ಕಾಯುತ್ತಿದ್ದಾರೆ. ಚಿತ್ರದ ಮೇಲೆ ತೆಳುವಾಗಿ ವಾರ್ನಿಷ್, ಅದರ ಮೇಲೆ ಗೀರು ತಾಗದಿರಲೆಂದು ಹೊಸ ಕಾರುಗಳಿಗೆ ಅಂಟಿಸುವಂಥ ಗಾಜಿನಂಥ ಪ್ಲಾಸ್ಟಿಕ್ ಹಾಳೆ. ಲಾರಿ ಮದುವೆ ಮೆರವಣಿಗೆಗೋ ಹಳೇ ಗಾಡಿಗಳ ಪ್ರದರ್ಶನಕ್ಕೋ ಹೊರಟರೆ ಇವರೂ ಹಿಂದೆ ಕೂತು ಹೋಗುತ್ತಾರೆ. ಬಸವನಗುಡಿಯ ಛತ್ರದ ಮುಂದೆ ಹಿಂದೊಮ್ಮೆ ಒಬ್ಬ ಮದುಮಗ ಶೂ ಹಾಕಿಕೊಂಡೇ ಕಾಲೆತ್ತಿದ. ಇವರು ಮೆಟ್ಟಿಲಿಗೆ ಕೈ ಅಡ್ಡ ಇಟ್ಟರು.

"ಏನ್ರೀ, ಇದು ಲಾರಿನಾ ದೇವಸ್ಥಾನನಾ?"

"ಲಾರಿನೇ ಸರ್. ಶೂ ಅಡಿ ಕಲ್ಲಿರತ್ತೆ, ಅದಕ್ಕೆ."

ಮದುಮಗ ಗೊಣಗಿಕೊಂಡು ಶೂ ಬಿಟ್ಟ. ಫೋಟೊದವನು, ಅಜ್ಜ ಸ್ವಲ್ಪ ಆ ಕಡೆ ಹೋಗಿ ಎಂದ. ಆಂಜಿನಯ್ಯ ಶೂ ಹಿಡಿದುಕೊಂಡು ಆ ಕಡೆ ಹೋದರು. ಇಂಥ ಎಷ್ಟೋ ಫೋಟೊಗಳಲ್ಲಿ ಮೆಟ್ಟಿಲಿದೆ, ಎತ್ತಿದೆ, ಯಾರದೋ ಮೆಹೆಂದಿ ಹಚ್ಚಿದ ಕಾಲಿದೆ. ಅವರು ಮಾತ್ರ ಎಲ್ಲೂ ಇಲ್ಲ.

ಹೆಂಡತಿ ಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಶೆಡ್ಡಿನ ಹಿಂದಿನ ವಠಾರದಲ್ಲಿ ಒಂದು ಕೋಣೆ. ಬೆಳಗ್ಗೆ ಹೋಟೆಲಿನವನ ಹತ್ತಿರ "ಒಂದು ಕಾಫಿ" ಎಂದರೆ, ಎಷ್ಟೋ ದಿನ ಸಂಜೆಯವರೆಗೆ ಅದೊಂದೇ ಮಾತು. "ಇಲ್ಲಿ ಬಂದ್ರೆ ಕಾಳಪ್ಪನ ಹತ್ರ ಮಾತಾಡ್ತೀನಿ. ಬೈತೀನಿ ಕೂಡ. ಗಂಟೆ ಸೊಟ್ಟ ಬರ್ದಿದೀಯ ಕಣೋ ಅಂತೀನಿ" ಎನ್ನುತ್ತಾರೆ. ಹೇಳಿದ ಮೇಲೆ ಸಂಕೋಚವಾಗಿ ಬಟ್ಟೆ ಹಿಂಡುತ್ತಾ ಕೂರುತ್ತಾರೆ.

ಆದರೆ ಈ ಎತ್ತುಗಳ ಬಗ್ಗೆ ಅವರ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ಕಾಳಪ್ಪ ಚಿತ್ರ ಮುಗಿಸಿ ಕೊಟ್ಟ ಮರುವಾರವೇ ಆ ಲಾರಿ ಮತ್ತೆ ಸ್ಟ್ಯಾಂಡಿಗೆ ಬಂದಾಗ ಎರಡೂ ಮೆಟ್ಟಿಲಿಗೆ ರಬ್ಬರು ಹೊಡೆದಿತ್ತು. ಕಾಳಪ್ಪ ನೋಡಿದರು, ಏನೂ ಅನ್ನಲಿಲ್ಲ. ದುಡ್ಡು ಕೊಟ್ಟ ಗಿರಾಕಿಯನ್ನು ಯಾಕೆ ಮುಚ್ಚಿದಿರಿ ಎಂದು ಕೇಳುವುದು ಹೇಗೆ? "ಹಿಡಿಸ್ಲಿಲ್ಲ ಅನ್ಸತ್ತೆ, ಎತ್ತು ನನ್ ಕೈಗೆ ಬರಲ್ಲ ಬಿಡು ಅಂದ. ಆಮೇಲೆ ಯಾರು ಕೇಳಿದ್ರೂ ಎತ್ತು ಬರೀಲಿಲ್ಲ. ಹುಲಿ ಬರ್ದ, ನವಿಲು ಬರ್ದ, ಎತ್ತು ಇಲ್ಲ. ಸಾಯೋ ತನಕ" ಎನ್ನುತ್ತಾರೆ ಆಂಜಿನಯ್ಯ.

ಕಳೆದ ಆಯುಧಪೂಜೆಯ ದಿನ ಆಂಜಿನಯ್ಯ ಬೂದುಗುಂಬಳ ತರಲು ಹೋಗಿದ್ದರು. ಬರುವಷ್ಟರಲ್ಲಿ ದೊಡ್ಡಬೈರಪ್ಪನವರ ತಾಯಿ ಮುನಿಯಮ್ಮ ಬಲಗಡೆಯ ಮೆಟ್ಟಿಲ ಮೇಲೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಹಚ್ಚಿ ಕೈಮುಗಿದು ನಿಂತಿದ್ದಾರೆ. ಪ್ಲಾಸ್ಟಿಕ್ ಹಾಳೆ ಎತ್ತಿನ ಕೊಂಬಿನ ಮೇಲೆ ಗುಳ್ಳೆ ಎದ್ದು ಸುರುಟಿಕೊಂಡಿದೆ. ಎಂಬತ್ತು ದಾಟಿದ ಹೆಂಗಸಿಗೆ ಏನು ಹೇಳುವುದು? ಆಂಜಿನಯ್ಯ ಕುಂಬಳಕಾಯಿ ಕೆಳಗಿಟ್ಟು ಕರ್ಪೂರ ಆರುವುದನ್ನೇ ಕಾದರು.

ಸುಟ್ಟ ಹಾಳೆ ತೆಗೆಯಲೇಬೇಕು, ತೆಗೆದರೆ ಬಣ್ಣವೂ ಜೊತೆಗೇ ಕಿತ್ತುಬರಬಹುದು. ದಿನ ದೂಡಿ ದೂಡಿ, ಕೊನೆಗೊಂದು ಬೆಳಗ್ಗೆ ದೊಡ್ಡಬೈರಪ್ಪನವರ ಮನೆಯಿಂದ ಕೂದಲು ಒಣಗಿಸುವ ಡ್ರೈಯರ್ ತಂದು ಕೆಲಸಕ್ಕೆ ಕೂತರು. ಬಿಸಿ ಗಾಳಿ ಬಿಡುವುದು, ಉಗುರಿನಿಂದ ಕೂದಲೆಳೆಯಷ್ಟು ಎತ್ತುವುದು, ಉಸಿರು ಹಿಡಿಯುವುದು. ಮಾಡಿದ್ದಕ್ಕೆ ನೊಂದುಕೊಂಡಿದ್ದ ಮುನಿಯಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿದ್ದರು.

"ಯಜಮಾನ್ರು ದಿನಾ ಅಲ್ಲೇ ಹಚ್ತಿದ್ರು ಕಣಪ್ಪ, ರಬ್ಬರ್ ಮೇಲೆ. ಅದೇ ಜ್ಞಾನದಲ್ಲಿ ಹಚ್ಬಿಟ್ಟೆ."

"ಅಷ್ಟು ಭಕ್ತಿ ಇದ್ದೋರು ಎತ್ತನ್ನ ಯಾಕಮ್ಮ ಮುಚ್ಚಿದ್ರು?" ಇಷ್ಟು ವರ್ಷ ಯಾರನ್ನೂ ಕೇಳದ ಮಾತು ಆಂಜಿನಯ್ಯನ ಬಾಯಿಂದ ಬಂದೇಬಿಟ್ಟಿತು.

ಮುನಿಯಮ್ಮ ಎತ್ತನ್ನೇ ನೋಡುತ್ತಾ ಹೇಳಿದರು: "ಇದು ಮೈಲ, ಆ ಕಡೆದು ಕೆಂದ. ಈ ಲಾರಿ ತಗೊಳಕ್ಕೆ ನಮ್ ಆ ಎರಡು ಎತ್ನೇ ಮಾರಿದ್ದು. ಬಾಗಿಲ ಹತ್ರ ನನ್ ಎತ್ತು ಬರ್ಕೊಡು ಅಂದಿದ್ರಂತೆ, ಬಾಗಿಲ್ ತುಂಬ ಅಕ್ಷರ ಇತ್ತು, ಆವಯ್ಯ ಮೆಟ್ಟಿಲಿಗೆ ಬರ್ದವ್ನೆ. ಇವ್ರು ಹೇಳಿದ್ ಗುರುತಿನ ಮೇಲೆ ಬರ್ದಿದ್ದು, ಥೇಟ್ ಅವೇ. ಮೈಲನ ಕಿವಿ ಹರ್ದಿರೋದೂ ಬಿಟ್ಟಿಲ್ಲ. ಇವ್ರು ನೋಡಿ ಅಲ್ಲೇ ಕೂತ್ಕಂಡು ಅತ್ರು. ಹೆಂಗೆ ತುಳೀಲಿ ಅಂತ ಎರಡು ದಿನ ಲಾರೀನೇ ಹತ್ಲಿಲ್ಲ. ಆಮೇಲೆ ರಬ್ಬರ್ ಹೊಡೆಸಿದ್ರು."

ಹಾಳೆ ಪೂರ್ತಿ ಬಿಟ್ಟುಬಂದಾಗ ಮೈಲನ ಒಂದು ಕೊಂಬಿನ ತುದಿ ಅದರ ಜೊತೆ ಹೋಗಿತ್ತು. ಮಿಕ್ಕದ್ದೆಲ್ಲ ಉಳಿದಿತ್ತು. ತುದಿ ನೀವೇ ಬರೆದುಬಿಡಿ ಎಂದರು ದೊಡ್ಡಬೈರಪ್ಪ. ಆಂಜಿನಯ್ಯ ಒಪ್ಪಲಿಲ್ಲ, ಚಿತ್ರ ಅವರ ಕೆಲಸವಲ್ಲ. ಈಗ ಎರಡೂ ಮೆಟ್ಟಿಲಿಗೆ ಬಳೇಪೇಟೆಯ ಬಡಗಿಯಿಂದ ಗಿಡ್ಡ ಕಾಲುಗಳಿರುವ ಮರದ ಹಲಗೆ ಮಾಡಿಸಿದ್ದಾರೆ. ಹತ್ತುವವರು ಹಲಗೆ ತುಳಿದು ಹತ್ತುತ್ತಾರೆ, ಎತ್ತಿಗೆ ಯಾರ ಕಾಲೂ ತಾಗುವುದಿಲ್ಲ. ಬೆಳಗ್ಗೆ ಆಂಜಿನಯ್ಯ ಒಬ್ಬರೇ ಹಲಗೆ ತೆಗೆದು ಒರೆಸುತ್ತಾರೆ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಅವರು ಮೈಲನ ಹರಿದ ಕಿವಿಯ ಮೇಲೆ ಬಟ್ಟೆ ಆಡಿಸುತ್ತಾರೆ.

"ಹಿಡಿಸ್ದೆ ಮುಚ್ಚಿದ್ದಲ್ಲ ಕಣೋ, ತುಳಿಯೋಕೆ ಮನಸ್ ಬರ್ದೆ ಮುಚ್ಚಿದ್ದು. ಇಷ್ಟು ಕಾಳಪ್ಪನಿಗೆ ಹೇಳೋಕ್ಕಾಗಿದ್ರೆ ಸಾಕಿತ್ತು" ಎನ್ನುತ್ತಾರೆ. "ದಿನಾ ಹೇಳ್ತೀನಿ. ಕೇಳಿಸ್ಕೊಳ್ಳೋಕೆ ಅವನಿಲ್ಲ."