ಬಂದವರಿಗೆಂದು ಎತ್ತಿಟ್ಟ ಕಾಫಿ ಪುಡಿ

ನಾನು ಚಿಕ್ಕವನಿದ್ದಾಗ, ಮೊಮ್ಮಕ್ಕಳೇ, ಅಪ್ಪ ಹಿಂದೂಪುರದ ಹುಣಸೆಹಣ್ಣಿನ ಮಂಡಿಯ ಸಮೀಪ ಕಾಫಿ ಬೀಜವನ್ನು ಹುರಿದು, ಪುಡಿ ಮಾಡಿ ಮಾರುತ್ತಿದ್ದರು. ಬೀದಿಯುದ್ದಕ್ಕೂ ಹುಣಸೆಯ ಹುಳಿ ವಾಸನೆ. ನಮ್ಮ ಅಂಗಡಿಯ ಮುಂದೆ ಮಾತ್ರ ಹುರಿದ ಬೀಜದ ಘಮ. ಆ ವರ್ಷ ಬೀಜದ ಬೆಲೆ ಏರತೊಡಗಿತು. ಬೆಲೆ ಏರಿದೊಡನೆ ಜನರು ಕಾಫಿಯನ್ನು ಬಿಟ್ಟುಬಿಡುವುದಿಲ್ಲ ಎಂಬುದನ್ನು ನಾನು ಆಗ ಕಂಡೆ. ಮೊದಲು ಪೊಟ್ಟಣ ಚಿಕ್ಕದಾಯಿತು. ಆಮೇಲೆ, “ಚಿಕೋರಿ ಒಸಿ ಜಾಸ್ತಿ ಹಾಕಪ್ಪ” ಎಂದರು. ಕೊನೆಗೆ ಎದುರಿನ ಅಂಗಡಿಯಲ್ಲಿ ಟೀ ಪುಡಿ ಕೊಂಡು, ನಮ್ಮ ಕಡೆ ನೋಡದೆ ಹೋದರು.

ಅಪ್ಪನಿಗೆ ಅದಕ್ಕಿಂತ ದೊಡ್ಡ ಚಿಂತೆ ಅಕ್ಕನದು. ಅವಳನ್ನು ಕಲ್ಯಾಣದುರ್ಗಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಬೆಳಗಿನ ಕಾಫಿ ಕುಡಿಯುವವರೆಗೆ ಅಕ್ಕ ಯಾರೊಡನೆಯೂ ಮಾತೇ ಆಡುತ್ತಿರಲಿಲ್ಲ. ಆದ್ದರಿಂದ ಅಂಗಡಿಯಲ್ಲಿ ಎಷ್ಟೇ ಬೆರಕೆ ನಡೆದರೂ, ಅವಳಿಗಾಗಿ ಚಿಕೋರಿ ಸೋಕದ ಪುಡಿಯನ್ನು ಅತ್ತ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದರು.

ದಸರಾ ಮುಗಿದ ಮೇಲೆ ಅಪ್ಪ ತಾವೇ ಹೊರಟರು, ನನ್ನನ್ನೂ ಕರೆದೊಯ್ದರು. ಬೆಳಿಗ್ಗೆ ಹುರಿದ ಪುಡಿಯ ಪೊಟ್ಟಣ ನನ್ನ ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು. ರೊದ್ದಂ ದಾಟುವಷ್ಟರಲ್ಲಿ ಬಸ್ಸೆಲ್ಲ ಘಮಘಮ. ಪಕ್ಕದಲ್ಲಿದ್ದ ಮುದುಕನೊಬ್ಬ ತೆಲುಗಿನಲ್ಲಿ, “ವಾಸನಕು ಕೂಡಾ ಟಿಕೆಟ್ ಕೊಡ್ತಾಡು ಚೂಡು” ಎಂದು ಕಂಡಕ್ಟರನ ಕಡೆ ಕೈ ತೋರಿಸಿದ. ವಾಸನೆಗೂ ಟಿಕೆಟ್ಟೇ ಎಂದು ಅಪ್ಪ ಬಹಳ ಹೊತ್ತು ನಕ್ಕರು.

ಅಕ್ಕನ ಅತ್ತೆ ಸಂಭ್ರಮದಿಂದ ಎದುರುಗೊಂಡರು. “ಬನ್ನಿ ಬೀಗ್ರೇ. ನಿಮ್ಗೆ ಟೀ ಕೊಡಾಕಿಲ್ಲ, ಕಾಫಿನೇ!” ಎಂದು ಅಟ್ಟದಿಂದ ಡಬ್ಬಿ ಇಳಿಸಿದರು. ಅಕ್ಕ ಕಾಫಿಯನ್ನು ಬಟ್ಟೆಯಲ್ಲಿ ಸೋಸಿ ತಂದಳು. ಅಪ್ಪ ಒಂದು ಗುಟುಕು ಕುಡಿದು ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಅದರಲ್ಲಿ ಘಮವೇ ಇರಲಿಲ್ಲ. ಒದ್ದೆ ಹಲಗೆಯಂಥ ವಾಸನೆ.

“ಯಾವ ಪುಡಿಯಮ್ಮ ಇದು?”

“ನೀನು ಯುಗಾದಿಗೆ ಕಳ್ಸಿದ್ದು ಕಣಪ್ಪ” ಎಂದಳು ಅಕ್ಕ, ನೆಲ ನೋಡುತ್ತಾ.

“ಬಂಗಾರದಂಗೆ ಎತ್ತಿಟ್ಟಿವ್ನಿ” ಎಂದರು ಅತ್ತೆ ಹೆಮ್ಮೆಯಿಂದ. “ಇಷ್ಟು ರೇಟಾಗಿರಾದ್ನ ನಾವೇ ಕುಡುದ್ಬುಟ್ರೆ ಬಂದೋರ್ಗೆ ಏನ್ ಕೊಡಾನ?” ಆಕೆ ಕೆಟ್ಟವರಲ್ಲ, ಮಕ್ಕಳೇ. ತಾವೂ ಆ ಕಾಫಿಯನ್ನು ರುಚಿ ನೋಡಿರಲಿಲ್ಲ.

ಅಪ್ಪ ಹೊಸ ಪೊಟ್ಟಣವನ್ನು ಮುಂದಿಟ್ಟರು. “ತಾಯೀ, ಇದು ಇವತ್ತೇ ಹುರುದಿದ್ದು. ನನ್ ಮಗ್ಳಿಗೂ ಒಂದು ಲೋಟ ಆಗ್ಲಿ.”

“ಅಯ್ಯೋ, ಅವ್ಳೇನು ಬಂದೋಳಾ? ಮನೆ ಮಗ್ಳಲ್ವಾ!” ಎಂದು ಅತ್ತೆ ಅಕ್ಕನ ತಲೆ ಸವರಿದರು.

ಅಪ್ಪ ಪೊಟ್ಟಣದ ಮೇಲಿಂದ ಕೈ ತೆಗೆದರು. ಇನ್ನೊಮ್ಮೆ ಕೇಳಿದರೆ, ತಮ್ಮ ಮಗಳು ಆ ಮನೆಯವಳಲ್ಲ ಎಂದು ತಾವೇ ಹೇಳಿದಂತಾಗುತ್ತಿತ್ತು. ಪೊಟ್ಟಣವನ್ನು ಅಟ್ಟಕ್ಕೆ ಇಡಲು ಹೋದ ಅಕ್ಕ ಅದನ್ನು ಒಮ್ಮೆ ಮುಖಕ್ಕೆ ಒತ್ತಿಕೊಂಡು ಉಸಿರೆಳೆದುಕೊಂಡಳು. ಅಪ್ಪ ಅದನ್ನು ನೋಡಿದರು. ಲೋಟದಲ್ಲಿದ್ದುದನ್ನು ಒಂದು ಹನಿಯೂ ಬಿಡದೆ ಕುಡಿದರು.

ಮುಂದೆ ಬೆಲೆ ಇಳಿಯಿತು. ಅಂಗಡಿಗೆ ಕೆಲವರು ಮರಳಿ ಬಂದರು. ಅಪ್ಪ ಮೊದಲ ಪೊಟ್ಟಣವನ್ನು ಅಕ್ಕನಿಗೆಂದೇ ಕಟ್ಟಿದರು. ಅಷ್ಟರಲ್ಲಿ ಅವಳಿಂದ ಸುದ್ದಿ ಬಂತು: “ಬ್ಯಾಡ ಕಣಪ್ಪ, ಟೀನೇ ರೂಢಿ ಆಗ್ಬುಟ್ಟೈತೆ.”

ಈಗ ಮತ್ತೆ ಕಾಫಿಯ ಬೆಲೆ ಏರಿದೆ. ನಿಮ್ಮ ಅಮ್ಮ ಚಿಕ್ಕ ಪ್ಯಾಕೆಟ್ ತರುತ್ತಾಳೆ. ಆದರೂ ಮನೆಯವರೆಲ್ಲ ಮೊದಲು ಕುಡಿಯುತ್ತೀರಿ, ಬಂದವರಿಗೆ ಉಳಿದರೆ ಉಂಟು. ಅದನ್ನು ನಾನು ತಪ್ಪೆನ್ನಲಾರೆ. ಕಲ್ಯಾಣದುರ್ಗದಿಂದ ಅಕ್ಕ ಬಂದಾಗ ನೀವು, “ಅಜ್ಜಿ, ಕಾಫಿನಾ, ಟೀನಾ?” ಎಂದು ಎಷ್ಟು ಸುಲಭವಾಗಿ ಕೇಳುತ್ತೀರಿ! ಅವಳನ್ನು ಹಾಗೆ ಕೇಳುವವರು ಆ ಕಾಲದಲ್ಲಿ ಒಬ್ಬರೂ ಇರಲಿಲ್ಲ. ಈಗ ಕೇಳಿದರೆ ಅವಳು ಟೀ ಎನ್ನುತ್ತಾಳೆ.