ಮೂರನ್ನು ಎಂಟು ಮಾಡಿದ ಕೈ

ಪೊನಿದಿ ಯಾವ ಹಳೆಯ ಸೈಕಲ್ ಕಂಡರೂ ಮೊದಲು ಬಗ್ಗಿ, ಸೀಟಿನ ಕೆಳಗಿನ ಕೊಳವೆಯಲ್ಲಿ ಒತ್ತಿದ ನಂಬರು ಓದುತ್ತಿದ್ದ. ಬಣ್ಣ, ಗಂಟೆ, ದೀಪ ಎಲ್ಲ ಆಮೇಲೆ. ಬಂತುಲ್ ಊರಿನ ಸೈಕಲ್ ದಲ್ಲಾಳಿಗಳು, ಗಂಡಸರಿಗೆ ಗೌರವದಿಂದ ಹೇಳುವ 'ಪಾ' ಸೇರಿಸಿ, ನಗುತ್ತಿದ್ದರು: "ಹೆಣ್ಣು ನೋಡೋಕೆ ಬಂದೋರು ಮೊದಲು ಮುಖ ನೋಡ್ಬೇಕು ಪಾ. ನೀವು ಕಾಲಿಗೇ ಬೀಳ್ತೀರಲ್ಲ!"

ಡಚ್ಚರ ಕಾಲದ ಸೈಕಲ್ ಸಂಗ್ರಹಿಸುವ ನಮ್ಮ ಜಾವಾದವರು ಬೆಲೆ ಎನ್ನುವುದಿಲ್ಲ, ತೆರ ಎನ್ನುತ್ತಾರೆ; ಮದುಮಗಳಿಗೆ ಕೊಡುವ ತೆರ. ಸೈಕಲ್ ಯಾವ ಯಾವ ಮನೆಯಲ್ಲಿತ್ತು ಎಂದು ಮಾರುವವನು ಒಂದೊಂದೇ ಕೈ, ಎಂದರೆ ಹಿಂದಿನ ಒಡೆಯರನ್ನು, ಹೆಸರಿಸಬೇಕು. ಪೊನಿದಿಗೆ ಬೇಕಿದ್ದುದು ಆ ಹೆಸರುಗಳು.

ಅವನ ತಂದೆ ಶಾಲಾ ಮಾಸ್ತರು. ಸಾವಿರದ ಒಂಬೈನೂರ ಅರವತ್ತೈದರ ಕೊನೆಯಲ್ಲಿ, ಕಮ್ಯುನಿಸ್ಟರೆಂಬ ಹೆಸರು ಹೊತ್ತು ಊರೂರುಗಳಲ್ಲಿ ಜನ ಮಾಯವಾಗುತ್ತಿದ್ದ ದಿನಗಳಲ್ಲಿ, ವಿಚಾರಣೆಗೆ ಬಾ ಎಂದು ಕರೆ ಬಂತು. ತಮ್ಮ ಸೈಕಲ್ಲಿನಲ್ಲೇ ಹೋದರು. ಅವರೂ ಮರಳಲಿಲ್ಲ, ಸೈಕಲ್ಲೂ ಮರಳಲಿಲ್ಲ. ಪೊನಿದಿಗೆ ಆಗ ಏಳು ವರ್ಷ. ಮಣ್ಣಾದ ಜಾಗ ತಿಳಿಯದೆ ಸತ್ತವರ ಹೆಸರಿನ ಊಟ ಹೇಗೆ ಹಾಕಲಿ ಎಂದು ತಾಯಿ ಕೊನೆಯವರೆಗೂ ಅದನ್ನು ಹಾಕಲಿಲ್ಲ. ತೊಂಬತ್ತೊಂದರಲ್ಲಿ ಆಕೆ ತೀರಿಕೊಂಡಾಗ ಅಕ್ಕಿ ಗಡಿಗೆಯ ತಳದಲ್ಲಿ ಸೈಕಲ್ ತೆರಿಗೆಯ ರಸೀದಿ ಸಿಕ್ಕಿತು. ಹೆದರಿ ಬಚ್ಚಿಟ್ಟಿದ್ದಳು. ಅದರಲ್ಲಿದ್ದ ಸೈಕಲ್ ನಂಬರು ೪೧೭೩೬. ಆ ಸೈಕಲ್ ಸಿಕ್ಕರೆ ಕೈಯಿಂದ ಕೈಗೆ ಹಿಂದಕ್ಕೆ ಹೋಗಿ ತಂದೆ ಇರುವ ಜಾಗ ಮುಟ್ಟಬಹುದು ಎಂದು, ಅಷ್ಟರಲ್ಲಿ ಸೈಕಲ್ ದಲ್ಲಾಳಿಯಾಗಿದ್ದ ಮಗ ಯೋಚಿಸಿದ. ಇಪ್ಪತ್ತಮೂರು ವರ್ಷ ಬಗ್ಗಿ ಓದಿದ.

ಒಂದು ಭಾನುವಾರ ಬೆಳಿಗ್ಗೆ ಸಂಗ್ರಹಕಾರರೆಲ್ಲ ಮೈದಾನದಲ್ಲಿ ಸೇರಿದ್ದರು. ಸೋಲೋ ಊರಿನ ಹಲ್ಲಿನ ಡಾಕ್ಟರ್ ಬಸುಕಿ ಮಾರಲು ತಂದಿದ್ದ ಸೈಕಲ್ ಸ್ಟ್ಯಾಂಡಿನ ಮೇಲಿತ್ತು. ಅದರ ಹಿಂದಿನ ಚಕ್ರ ನಿಧಾನವಾಗಿ ತಿರುಗುತ್ತಿತ್ತು. ಟಿಕ್, ಟಿಕ್. ಗಾಳಿ ಇರಲಿಲ್ಲ, ಬಾವುಟಗಳು ಜೋತುಬಿದ್ದಿದ್ದವು.

"ಯಾರು ತಿರುಗಿಸಿದ್ದು?"

"ಯಾರೂ ಇಲ್ಲ ಪಾ. ಒಮ್ಮೊಮ್ಮೆ ಹಾಗೇ ತಿರುಗುತ್ತೆ. ಇದಿರಬೇಕು, ಇಲ್ಲ ನಾನಿರಬೇಕು ಅಂತಾಳೆ ನನ್ನ ಹೆಂಡತಿ. ಅಡುಗೆ ಚೆನ್ನಾಗಿ ಮಾಡ್ತಾಳೆ, ಅದಕ್ಕೇ ಇದನ್ನ ಮಾರ್ತಿದೀನಿ."

ಪೊನಿದಿ ಬಗ್ಗಿದ. ೪೧೭೮೬. ಏಳುವಾಗ ಅಡ್ಡ ಕೊಳವೆಯ ಮೇಲೆ ಕೈಯೂರಿದ. ಎಷ್ಟೋ ವರ್ಷಗಳ ದಪ್ಪ ಬಣ್ಣವನ್ನು ಬಸುಕಿ ಕೆರೆಸಿದ್ದರಿಂದ ಅಲ್ಲಿ ಹಿತ್ತಾಳೆಯಿಂದ ಮುಚ್ಚಿದ ಎರಡು ತೂತು ಕಾಣುತ್ತಿದ್ದವು. ಚಿಕ್ಕಂದಿನಲ್ಲಿ ತನ್ನನ್ನು ಕೂರಿಸಲು ತಂದೆ ಪುಟ್ಟ ಪೀಠ ಬಿಗಿಸಿದ್ದ ತೂತುಗಳು.

ಕನ್ನಡಕ ಹಾಕಿಕೊಂಡು ಮತ್ತೆ ಬಗ್ಗಿದ. ಎಂಟರ ಕೆಳಗಿನ ಸುತ್ತಿನಲ್ಲಿ ಒಂದು ಸೀಳಿತ್ತು. ನಂಬರು ಹೊಡೆಯುವ ಆ ಸೀಳಿದ ಅಚ್ಚು ಅವನದೇ. ಚೌಕಟ್ಟಿನ ನಂಬರೂ ಮುಂದಿನ ಚಕ್ರ ಹಿಡಿಯುವ ಕವಲಿನ ನಂಬರೂ ಒಂದೇ ಆಗಿದ್ದರೆ ತೆರ ದುಪ್ಪಟ್ಟು. ಎಂಬತ್ಮೂರರಲ್ಲಿ, ರಸೀದಿ ಇನ್ನೂ ಅಕ್ಕಿಯ ಕೆಳಗಿದ್ದಾಗ, ೪೧೭೮೬ ನಂಬರಿನ ಕವಲೊಂದು ಸಿಕ್ಕಿ, ಅದಕ್ಕೆ ಹೊಂದಲೆಂದು ಅವನು ಈ ಚೌಕಟ್ಟಿನ ಮೂರರ ಮೇಲೆ ಎಂಟು ಹೊಡೆದಿದ್ದ.

"ಕೈಗಳನ್ನ ಹೇಳಿ ಡಾಕ್ಟ್ರೇ."

"ನನಗೆ ಕೊಟ್ಟೋರು ಸೆಮರಾಂಗ್‌ನ ವಕೀಲರು. ಅವರಿಗೆ ಕೊಟ್ಟೋರು..." ಬಸುಕಿ ನಕ್ಕ. "ನಾಟಕ ಯಾಕೆ ಪಾ? ನೀವೇ. ನಿಮ್ಮ ಹಿಂದಿನ ಕೈ ಯಾವುದು, ಅದನ್ನ ನೀವು ಹೇಳ್ಬೇಕು."

ಸೈಕಲ್ ಕೈಗೆ ಬಂದಾಗ ಪೊನಿದಿ ತಂದವನ ಹೆಸರು ಕೇಳಿರಲಿಲ್ಲ. ಒಂದು ಮಧ್ಯಾಹ್ನ ಯಾರೋ ಬಂದು ಸೈಕಲ್ ಗೋಡೆಗೆ ಒರಗಿಸಿ, "ತೆರ ಬೇಡ, ಇಟ್ಕೊಳ್ಳಿ. ಸೇತುವೆ ಹತ್ರ ಇದು ನನ್ನ ಮಾತು ಕೇಳಲ್ಲ" ಎಂದು ಹೊರಟುಹೋಗಿದ್ದ. ಪುಕ್ಕಟೆ ಸಿಕ್ಕಿತೆಂದು ಇವನು ಹಿಗ್ಗಿದ್ದ.

ಉಳಿದದ್ದು ಆ ಒಂದು ಮಾತು. ಕೇಳಿದಷ್ಟು ತೆರ ಕೊಟ್ಟು ಸೈಕಲ್ ಹತ್ತಿ ಸೇತುವೆಯ ದಾರಿ ಹಿಡಿದ. ಪಕ್ಕದ ಮನೆಯವಳಾದ ನಾನು ನನ್ನ ಸೈಕಲ್ಲಿನಲ್ಲಿ ಹಿಂದಿದ್ದೆ.

"ಬು, ಹ್ಯಾಂಡಲ್ ಬಿಡ್ತೀನಿ. ಬಿದ್ರೆ ಎತ್ತಿ," ಎಂದ ಪೊನಿದಿ. ನಮ್ಮಲ್ಲಿ ಹೆಂಗಸರಿಗೆ ಗೌರವದ ಕರೆ 'ಬು'.

"ಐವತ್ತಾರರ ಗಂಡಸು ನೀನು, ಬಿದ್ರೆ ಬಿದ್ದಲ್ಲೇ ಇರು. ನಾನು ಹೊರಲ್ಲ," ಎಂದೆ.

ಕವಲು ತನ್ನದಲ್ಲದ ಸೈಕಲ್ ಒಂದು ಬದಿಗೆ ಎಳೆಯುವುದುಂಟು. ಆದರೆ ಹಾಗೆ ಎಳೆಯುವ ಸೈಕಲ್ ದಾರಿಯುದ್ದಕ್ಕೂ ಎಳೆಯುತ್ತದೆ. ಇದು ಗದ್ದೆಗಳ ನಡುವೆ ಆರು ಕಿಲೋಮೀಟರ್ ನೆಟ್ಟಗೆ ಹೋಯಿತು. ಓಪಕ್ ನದಿಯ ಸೇತುವೆಗೆ ಹತ್ತು ಮಾರು ಇದೆ ಎನ್ನುವಾಗ ಎಡಕ್ಕೆ ಹೊರಳಿ, ಬಿದಿರು ಮೆಳೆಗಳ ನಡುವಿನ ಇಳಿಜಾರು ಹಿಡಿಯಿತು. ಪೊನಿದಿಯ ಕೈಗಳು ತೊಡೆಯ ಮೇಲಿದ್ದವು. ಅರ್ಧ ಇಳಿಜಾರಿನಲ್ಲಿ, ಬ್ರೇಕ್ ಹಿಡಿಯದೆ, ಅದು ನಿಂತಿತು.

ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿದಳು. ನಮ್ಮನ್ನು ನೋಡಲಿಲ್ಲ, ಸೈಕಲ್ಲನ್ನು ನೋಡಿದಳು. "ಮತ್ತೆ ಬಂತಾ ಇದು? ಹಿಂದೆ ಯಾವನನ್ನೋ ಮೂರು ಸಲ ಇಲ್ಲಿಗೇ ತಂದು ನಿಲ್ಲಿಸಿತ್ತು. ಅಳ್ತಾ ಓಡಿಹೋದ. ನೀನು ಯಾರಪ್ಪ?"

"ಮಾಸ್ತರ ಮಗ."

"ಹಾಗಾದ್ರೆ ಚಪ್ಪಲಿ ಬಿಡು," ಎಂದಳು. "ಅವರ ಮೇಲೆ ನಿಂತಿದೀಯ. ಅವರೊಬ್ಬರೇ ಅಲ್ಲ."

ಏಳನೆಯ ದಿನ ಪೊನಿದಿ ಅಲ್ಲೇ ಚಾಪೆ ಹಾಸಿ ಪ್ರಾರ್ಥನೆ ಮಾಡಿಸಿ, ಅನ್ನ, ಕೋಳಿ ಬಡಿಸಿದ. ಎಷ್ಟು ಮಂದಿಗೆಂದು ತಿಳಿಯದ್ದರಿಂದ ಅಡುಗೆ ಹೆಚ್ಚೇ ಮಾಡಿಸಿದ್ದ. ಚಕ್ರ ಆಮೇಲೆ ತಾನಾಗಿ ತಿರುಗಿಲ್ಲ. ನಾನು ಪ್ರತಿದಿನ ಗಮನಿಸುತ್ತೇನೆ.

ಊಟಕ್ಕೆ ಬಂದಿದ್ದ ಬಸುಕಿ, ಎಂಟನ್ನು ಉಜ್ಜಿ ಮತ್ತೆ ಮೂರು ಮಾಡಿಸಿಕೊಡುತ್ತೇನೆಂದ.

"ಬೇಡ ಡಾಕ್ಟ್ರೇ," ಎಂದ ಪೊನಿದಿ. "ಕೈಗಳನ್ನ ಹೇಳುವಾಗ ಅದನ್ನೂ ಹೇಳ್ಬೇಕು."